ಇಡ್ಲಿ ಹಿಟ್ಟಿನ ಓವನ್, ನನ್ನ ಬ್ರೆಡ್ಡು

ಕಳೆದ ಶುಕ್ರವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಇಡ್ಲಿ ಬೇಯುವ ವಾಸನೆ ಬಂತು. ಒಲೆಯ ಮೇಲೆ ಇಡ್ಲಿ ಪಾತ್ರೆ ಇರಲಿಲ್ಲ. ಇಡ್ಲಿ ಮಾಡುವ ನನ್ನ ಹೆಂಡತಿ ಸುಧಾ ಮನೆಯಲ್ಲೇ ಇರಲಿಲ್ಲ.

"ಅಪ್ಪಾ, ವೈ ಡಸ್ ಇಟ್ ಸ್ಮೆಲ್ ಲೈಕ್ ಇಡ್ಲಿ?" ಎಂದು ಮಗಳು ತಾರಾ ಮಹಡಿಯಿಂದ ಕೂಗಿದಳು. (ನಾವು ಕನ್ನಡದಲ್ಲಿ ಮಾತಾಡುತ್ತೇವೆ, ಅವಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ. ಸಂಸಾರ ಸುಖವಾಗಿ ನಡೆದಿದೆ.)

ನನ್ನ ಎದೆ ಧಸಕ್ಕೆಂದಿತು. ಯಾಕೆಂದು ಹೇಳುವ ಮೊದಲು ಸ್ವಲ್ಪ ಕೊಚ್ಚಿಕೊಳ್ಳಲು ಅವಕಾಶ ಕೊಡಿ.

ಡಿಸೆಂಬರಿನ ಕೊನೆಯ ವಾರ ನಾವು ನೆಲೆಸಿರುವ ಪರದೇಶದ ಊರು ರೆಡ್ಮಂಡ್ ಖಾಲಿಯಾಗುತ್ತದೆ. ಆಫೀಸುಗಳಿಗೆ ರಜೆ. ಅರ್ಧ ಜನ ಹವಾಯಿಗೆ ಹಾರುತ್ತಾರೆ, ಇನ್ನರ್ಧ ಬೆಂಗಳೂರಿಗೆ. "ಬ್ರೇಕ್‌ಗೆ ಎಲ್ಲಿಗೆ ಹೊರಟ್ರಿ?" ಎಂಬ ವಿಚಾರಣೆ ಅಕ್ಟೋಬರಿನಲ್ಲೇ ಶುರು. ನಾನು ಎದೆಯುಬ್ಬಿಸಿ "ಎಲ್ಲಿಗೂ ಇಲ್ಲ" ಎನ್ನುತ್ತೇನೆ. ಕೇಳಿದವರ ಮುಖದಲ್ಲಿ ಮರುಕ ಕಾಣುತ್ತದೆ. ಒಬ್ಬರಂತೂ ಪಕ್ಕಕ್ಕೆ ಕರೆದು, "ಕೆಲ್ಸ ಎಲ್ಲಾ ಸರಿಯಾಗಿದೆ ತಾನೇ?" ಎಂದು ಕೇಳಿದ್ದರು.

ಪಾಪ, ಅವರಿಗೇನು ಗೊತ್ತು? ವರ್ಷವಿಡೀ ಜಿನುಗುವ ಈ ಊರಿನ ಆಕಾಶ ಆ ವಾರ ಕೆಲವೊಮ್ಮೆ ಮನಸ್ಸು ಬದಲಾಯಿಸುತ್ತದೆ. ಬೆಳಗಾದರೆ ಹುಲ್ಲು, ಬೇಲಿ, ಕಾರಿನ ಗಾಜು ಎಲ್ಲದರ ಮೇಲೂ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗಾಗಿರುತ್ತದೆ. ಹೆಜ್ಜೆಯಿಟ್ಟರೆ ಕರಕರ ಸದ್ದು. ಎಜುಕೇಶನ್ ಹಿಲ್‌ನ ತಿರುವಿನಲ್ಲಿ ನಿಂತರೆ ದೂರದಲ್ಲಿ ಹಿಮ ಹೊದ್ದ ಮೌಂಟ್ ರೇನಿಯರ್ ಬೆಟ್ಟ ಪೂರ್ತಿ ಕಾಣುತ್ತದೆ. ಟ್ರಾಫಿಕ್ ಇಲ್ಲ, ಮೀಟಿಂಗ್ ಇಲ್ಲ, ಫೋನ್ ಇಲ್ಲ. ದುಡ್ಡು ಕೊಟ್ಟು ಯಾವ ಬೀಚಿಗೆ ಹೋದರೆ ಇದು ಸಿಗುತ್ತದೆ?

ಜೊತೆಗೆ ನನ್ನ ಬ್ರೆಡ್. ಅಂಗಡಿಯ ಈಸ್ಟ್ ಪುಡಿ ಹಾಕದೆ, ಮನೆಯಲ್ಲೇ ಸಾಕಿದ ಹುಳಿಹಿಟ್ಟಿನಿಂದ ಉಬ್ಬಿಸಿ ಸುಡುವ ಬ್ರೆಡ್. ಹೊರಗೆ ಗರಿಗರಿ, ಒಳಗೆ ಮೆತ್ತಗೆ. ಓವನ್‌ನಿಂದ ತೆಗೆದಾಗ ಚಟಪಟ ಎನ್ನುತ್ತದೆ. ನಾನು ಬಗ್ಗಿ ಕಿವಿಗೊಟ್ಟು ಕೇಳುತ್ತೇನೆ. (ನಗುವವರು ನಗಲಿ.) ಕೋಡ್ ಬರೆದು ಇಷ್ಟು ವರ್ಷ ಸಂಬಳ ತಂದಿದ್ದೇನೆ. ಆದರೆ ಕೈಯಲ್ಲಿ ಹಿಡಿದು "ಇದು ನಾನು ಮಾಡಿದ್ದು" ಎಂದು ತೋರಿಸಲು ನನಗಿರುವುದು ಇದೊಂದೇ.

ತೊಂದರೆಯೆಂದರೆ, ಚಳಿಗಾಲದಲ್ಲಿ ನಮ್ಮ ಓವನ್‌ಗೆ ಇಬ್ಬರು ಯಜಮಾನರು. ಈ ಚಳಿಯಲ್ಲಿ ಇಡ್ಲಿ ಹಿಟ್ಟು ಹೊರಗಿಟ್ಟರೆ ಹುಳಿ ಬರುವುದಿಲ್ಲ. ಹಾಗಾಗಿ ಪಾತ್ರೆಯನ್ನು ಓವನ್‌ನೊಳಗಿಟ್ಟು, ಒಳಗಿನ ದೀಪ ಮಾತ್ರ ಹಾಕಿ ಬಿಡುವುದು. ಆ ಪುಟ್ಟ ಬಲ್ಬಿನ ಕಾವಿಗೆ ಹಿಟ್ಟು ಉಬ್ಬುತ್ತದೆ. ಬಾಥೆಲ್‌ನಿಂದ ಬೆಲ್ವ್ಯೂವರೆಗೆ ಅಕ್ಕಪಕ್ಕದ ಊರುಗಳಲ್ಲಿ ಯಾವ ಕನ್ನಡಿಗರ ಮನೆಗೆ ಹೋದರೂ ಇದೇ ಪದ್ಧತಿ. ನಮ್ಮ ಮನೆಯಲ್ಲಿ ಒಂದು ನಿಯಮವೂ ಇದೆ. ಒಳಗೆ ಹಿಟ್ಟಿದ್ದರೆ ಸುಧಾ ಓವನ್ ಹಿಡಿಕೆಗೆ ಕೆಂಪು ಟವೆಲ್ ಕಟ್ಟುತ್ತಾಳೆ.

ಶುಕ್ರವಾರ ಟವೆಲ್ ಕಟ್ಟಿತ್ತು. ನಾನು ನೋಡಿದೆ. ಮೈದಾ ಮೆತ್ತಿದ ಕೈ ಒರೆಸಲು ಅನುಕೂಲವಾಯಿತೆಂದು ಬಿಚ್ಚಿ ಹೆಗಲಿಗೆ ಹಾಕಿಕೊಂಡೆ. ಓವನ್ ಫುಲ್ ಬಿಸಿಗೆ ತಿರುಗಿಸಿ, ನನ್ನ ಬ್ರೆಡ್ ಹಿಟ್ಟಿನ ಫೋಟೋ ತೆಗೆಯುತ್ತ ನಿಂತೆ. ಆಮೇಲೆ ಆ ವಾಸನೆ.

ಬಾಗಿಲು ತೆಗೆದರೆ ಸುಧಾಳ ದೊಡ್ಡ ಸ್ಟೀಲ್ ಪಾತ್ರೆ. ಹಿಟ್ಟು ಅಂಚಿನಲ್ಲಿ ಕಂದುಬಣ್ಣಕ್ಕೆ ತಿರುಗಿ ಕಲ್ಲಾಗಿತ್ತು, ನಡುವೆ ಗಂಜಿಯಾಗಿತ್ತು.

ಅದು ಬರೀ ಹಿಟ್ಟಾಗಿದ್ದರೆ ಈ ಅಂಕಣ ಬರೆಯುತ್ತಿರಲಿಲ್ಲ. ಎಲ್ಲಿಗೂ ಹೋಗದೆ ಉಳಿದ ನಾಲ್ಕೈದು ಮನೆಯವರು ಪ್ರತಿವರ್ಷ ಆ ವಾರದ ಶನಿವಾರ ಒಟ್ಟಿಗೆ ವಾಕ್ ಹೋಗುತ್ತೇವೆ. ಚಳಿಯಲ್ಲಿ ನಡೆದು ಬಂದು ನಮ್ಮ ಮನೆಯಲ್ಲಿ ಸುಧಾಳ ಇಡ್ಲಿ. ವಾಕ್‌ಗೆ ಸೋಮಾರಿತನ ಮಾಡುವವರೂ ಇಡ್ಲಿಗಾಗಿ ಏಳುತ್ತಾರೆ. ಅದು ಅವಳ ಹೆಸರು, ಅವಳ ಮರ್ಯಾದೆ.

ಕ್ರಾಸ್‌ರೋಡ್ಸ್‌ ಮಾಲ್‌ನಿಂದ ತೆಂಗಿನಕಾಯಿ ತಂದ ಸುಧಾ ಪಾತ್ರೆ ನೋಡಿದಳು. ನನ್ನ ಹೆಗಲ ಮೇಲಿನ ಟವೆಲ್ ನೋಡಿದಳು.

"ರೀ, ಟವೆಲ್ ಕಾಣ್ಲಿಲ್ವಾ?"

"ಕಾಣ್ತು."

"ಮತ್ತೆ?"

"ಕೈ ಒರೆಸ್ಕೊಂಡೆ." ಅಲ್ಲಿಗೆ ನಾನು ಸುಮ್ಮನಿರಬೇಕಿತ್ತು. "ಅಂಗಡೀಲಿ ರೆಡಿ ಹಿಟ್ಟು ಸಿಗತ್ತಲ್ಲ, ಡ್ರೈವ್ ಮಾಡ್ಕೊಂಡ್ ಹೋಗಿ ತರ್ಲಾ?" ಎಂದೆ.

"ಇಷ್ಟು ವರ್ಷ ನನ್ ಇಡ್ಲಿ ಅಂತ ತಿಂದವ್ರಿಗೆ ಅಂಗಡಿ ಹಿಟ್ಟು ಬೇಯಿಸಿ ಹಾಕ್ಲಾ? ಒಂದೇ ತುತ್ತಿಗೆ ಗೊತ್ತಾಗತ್ತೆ."

"ಉಪ್ಪಿಟ್ಟು?" ಎಂದೆ. (ಉಪ್ಪಿಟ್ಟಿನ ಹೆಸರು ಎತ್ತಬಾರದ ಗಳಿಗೆಗಳಿವೆ. ಅದು ಅಂಥದ್ದು.)

ಅವಳು ಪಾತ್ರೆಗೆ ನೀರು ಸುರಿದು ನೆನೆಯಲು ಬಿಟ್ಟಳು. ಕಣ್ಣಂಚು ಒದ್ದೆಯಾಗಿತ್ತು. ಅದನ್ನು ಒರೆಸಿಕೊಂಡು ಕೇಳಿದಳು, "ನಿಮ್ ಬ್ರೆಡ್ ಎಷ್ಟಾಗತ್ತೆ?"

"ಫ್ರಿಜ್ಜಲ್ಲಿರೋದೂ ಸೇರಿದ್ರೆ ಮೂರು."

"ಮೂರೂ ಸುಡಿ."

ಸುಟ್ಟೆ. ಜೀವಮಾನದಲ್ಲಿ ಅಷ್ಟು ಭಯಭಕ್ತಿಯಿಂದ ಯಾವ ಸಾಫ್ಟ್‌ವೇರ್ ರಿಲೀಸೂ ಮಾಡಿರಲಿಲ್ಲ. ಮೂರೂ ಹೊಂಬಣ್ಣಕ್ಕೆ ಬಂದವು. ಆದರೆ ಸುಧಾಳ ಇಡ್ಲಿಗೆ ಬರುವ ಜನರ ಮುಂದೆ ಬ್ರೆಡ್ ಇಡುವುದೇ?

ಶನಿವಾರ ಬೆಳಗ್ಗೆ ಹೆಪ್ಪುಗಟ್ಟಿದ ಇಬ್ಬನಿ ಕವಿದ ದಾರಿಯಲ್ಲಿ ಎಲ್ಲರೂ ಉಸಿರಿನ ಹೊಗೆ ಬಿಡುತ್ತ ನಡೆದೆವು. ಮಂಕಿ ಕ್ಯಾಪು, ಮಫ್ಲರು, ಕೈಗವಸು. ಸುಧಾ ಮಾತ್ರ ಅಡುಗೆಮನೆಯಲ್ಲಿ ಕೆಲಸವಿದೆಯೆಂದು ಉಳಿದಿದ್ದಳು. ನನ್ನ ಗೆಳೆಯ ವೆಂಕಟೇಶ ದಾರಿಯುದ್ದಕ್ಕೂ ಒಂದೇ ರಾಗ ಹಾಡಿದ. "ಗುರೂ, ರಾತ್ರಿ ಊಟಾನೂ ಬಿಟ್ಟಿದೀನಿ, ಇಡ್ಲಿಗೆ ಜಾಗ ಇರ್ಲಿ ಅಂತ." ಬೆಟ್ಟ ಕಾಣುವ ತಿರುವು ಬಂತು. ಎಲ್ಲರೂ ಫೋಟೋ ತೆಗೆದರು. ನನಗೆ ಬೆಟ್ಟವೂ ಕಾಣಲಿಲ್ಲ, ಚಳಿಯೂ ತಾಕಲಿಲ್ಲ.

ಮನೆಗೆ ಬಂದು ಶೂ ಬಿಚ್ಚಿದ ವೆಂಕಟೇಶ ಟೇಬಲ್ ನೋಡಿ ಗಾಬರಿಯಾದ. "ಬ್ರೆಡ್ಡಾ? ಯಾಕೆ, ಯಾರಿಗಾದ್ರೂ ಹುಷಾರಿಲ್ವಾ?"

ತಪ್ಪು ಅವನದಲ್ಲ. ನಮ್ಮ ಪೀಳಿಗೆಗೆ ಬ್ರೆಡ್ ಎಂದರೆ ಜ್ವರ ಬಂದಾಗ ಬಿಸಿ ಹಾಲಿನಲ್ಲಿ ಅದ್ದಿ ತಿನ್ನುವ ಪಥ್ಯ. ನನ್ನ ಮುಖ ಸಣ್ಣದಾಯಿತು. ಈಗ ಸುಧಾ ಹೇಳಿಬಿಡುತ್ತಾಳೆ, ಹೇಳಲು ಅವಳಿಗೆ ಪೂರ್ತಿ ಹಕ್ಕಿದೆ ಎಂದುಕೊಂಡು ತಲೆ ತಗ್ಗಿಸಿದೆ.

"ಇಡ್ಲಿ ವರ್ಷಾ ವರ್ಷಾ ಇದ್ದದ್ದೇ ಅಲ್ವಾ ವೆಂಕಟೇಶ್? ಈ ಸಲ ಇವ್ರ ಕೈ ಬ್ರೆಡ್ ತಿನ್ನಿ ಅಂತ ನಾನೇ ಹೇಳ್ದೆ," ಎಂದಳು ಸುಧಾ.

ಅಷ್ಟೇ ಅಲ್ಲ. ನಾನು ಬ್ರೆಡ್ಡನ್ನು ಹಾಗೇ ಕತ್ತರಿಸಿ ಕೊಡುವವನಿದ್ದೆ. ಅವಳು ದೋಸೆ ಕಾವಲಿಯಿಟ್ಟು, ತುಪ್ಪ ಬಿಟ್ಟು, ಒಂದೊಂದೇ ಹೋಳನ್ನು ಎರಡೂ ಕಡೆ ಕೆಂಪಗೆ ಕಾಯಿಸಿದಳು. ಮೇಲೆ ಬೆಣ್ಣೆ, ಅದರ ಮೇಲೆ ಚಟ್ನಿಪುಡಿ. ಪಕ್ಕದಲ್ಲಿ ಕಾಯಿಚಟ್ನಿ, ಬಿಸಿ ಸಾಂಬಾರು. ಹೊರಗಿನಿಂದ ಬಂದ ತಣ್ಣನೆಯ ಕೈಗಳು ತಟ್ಟೆಗೆ ಮುಗಿಬಿದ್ದವು. ಕರುಂಕುರುಂ ಅಗಿಯುವ ಸದ್ದು ಮಾತ್ರ.

ಎರಡು ಬ್ರೆಡ್ ಖಾಲಿ, ಮೂರನೆಯದರ ಕೊನೆಯ ಹೋಳುಗಳು ಕಾವಲಿಯ ಮೇಲೆ. ನಾನು ಮತ್ತೆ ಉಬ್ಬಿದೆ. ಹುಳಿಹಿಟ್ಟಿನ ಬಗ್ಗೆ ಯಾರೂ ಕೇಳದ ಉಪನ್ಯಾಸ ಶುರುಮಾಡಿದೆ.

"ಸೂಪರ್ ಗುರೂ!" ಎಂದ ವೆಂಕಟೇಶ, ಬೆರಳು ನೆಕ್ಕುತ್ತ. "ಮುಂದಿನ್ ವರ್ಷಾನೂ ಇದೇ ಇರ್ಲಿ. ಇಡ್ಲಿ ಬೇಡವೇ ಬೇಡ."

ಕಾವಲಿಯ ಮೇಲೆ ಸುಧಾಳ ಕೈ ಒಂದು ಕ್ಷಣ ನಿಂತಿತು. ಮತ್ತೆ, ಏನೂ ಆಗದವಳಂತೆ ಹೋಳು ಮಗುಚಿದಳು. ನಾನು ಉಪನ್ಯಾಸ ನಿಲ್ಲಿಸಿದೆ. ಆ ಗಳಿಗೆಯಲ್ಲಿ ಬ್ರೆಡ್ಡಿಗಿಂತ ನೂರು ಪಟ್ಟು ಹೆಮ್ಮೆ ಅವಳ ಬಗ್ಗೆ ಎನಿಸಿತು.

"ಇಡ್ಲಿ ಇಲ್ದೇ ಇರೋದು ನನ್ನಿಂದ ಕಣೋ," ಎಂದು ಎಲ್ಲರ ಮುಂದೆ ಇಡೀ ಕಥೆ ಹೇಳಿದೆ. ಮನೆ ಹಾರಿಹೋಗುವಂತೆ ನಕ್ಕರು. ತಾರಾ ಎಲ್ಲರಿಗಿಂತ ಜೋರಾಗಿ ನಕ್ಕಳು.

"ಅದನ್ನೆಲ್ಲ ಯಾಕ್ ಹೇಳಕ್ ಹೋದ್ರಿ? ಬ್ರೆಡ್ ಚೆನ್ನಾಗೇ ಇತ್ತಲ್ಲ," ಎಂದಳು ಸುಧಾ.

ಬ್ರೆಡ್ ನನ್ನದು, ಅದರಲ್ಲಿ ಅನುಮಾನವಿಲ್ಲ. ಆದರೆ ಆ ಬೆಳಗಿನ ತಿಂಡಿ ಯಾರದು, ನೀವೇ ಹೇಳಿ?