ಹಸಿರು ಕಾರಿನ ಲೆಕ್ಕ ಗೆದ್ದ ಕ್ಲೈವ್

ಮಾರ್ಲೆಟ್‌ನ ಚರ್ಚ್ ಬೀದಿಯಲ್ಲಿ ನಮ್ಮ ಪಕ್ಕದ ಮನೆ ಕ್ಲೈವ್ ಆಡ್‌ಕಾಕ್‌ನದು. ಬದುಕಿಡೀ ಊರಿನ ಕಾರ್ಪೆಟ್ ಅಂಗಡಿಯಲ್ಲಿ ದುಡಿದು ನಿವೃತ್ತನಾದವನು. ಎಂಥ ದೊಡ್ಡ ಬೆಲೆಯನ್ನಾದರೂ ಚಿಕ್ಕದಾಗಿ ಕಾಣಿಸುವುದು ಅವನ ವಿದ್ಯೆ. ಸಾವಿರ ಪೌಂಡಿನ ಕಾರ್ಪೆಟನ್ನು ಸಾವಿರ ಪೌಂಡು ಎಂದು ಅವನು ಒಮ್ಮೆಯೂ ಬಾಯಿಬಿಟ್ಟು ಹೇಳಿದವನಲ್ಲ. "ಹತ್ತು ವರ್ಷ ತುಳೀತೀರಿ ಮೇಡಂ. ದಿನಕ್ಕೆ ಇಪ್ಪತ್ತೇಳು ಪೆನ್ನಿ ಬೀಳತ್ತೆ. ಒಂದು ಬಿಸ್ಕತ್ತಿನ ದುಡ್ಡು!" ಎನ್ನುತ್ತಿದ್ದ. ಬಂದವರು ಬಿಸ್ಕತ್ತು ಕೊಂಡಷ್ಟೇ ಹಗುರಾಗಿ ಮನೆಗೆ ಹೋಗುತ್ತಿದ್ದರು.

ಕ್ಲೈವ್‌ನ ಜೀವ ಇದ್ದುದು ಅವನ ಹಸಿರು ಕಾರಿನಲ್ಲಿ. ಎರಡೇ ಸೀಟು, ಬಟ್ಟೆಯ ಮಾಡು, ಐವತ್ತು ದಾಟಿದ ವಯಸ್ಸು. ಮದುವೆಗೆ ಮುಂಚೆಯೇ ಕೊಂಡದ್ದು. ಮಳೆಯ ದಿನ ಅದು ಗ್ಯಾರೇಜಿನಿಂದ ಹೊರಗೆ ಬರುತ್ತಿರಲಿಲ್ಲ. ನಮ್ಮ ಕಡೆ ಮಳೆ ಇಲ್ಲದ ದಿನವೆಂದರೆ ಲೆಕ್ಕಕ್ಕೆ ಸಿಗುವಷ್ಟು ಮಾತ್ರ. ಹೊರಗೆ ಬಂದ ದಿನ ಅರ್ಧ ಹೊತ್ತು ಓಡುತ್ತಿತ್ತು, ಉಳಿದರ್ಧ ಹೊತ್ತು ಕ್ಲೈವ್ ಅದರ ಹೊಟ್ಟೆಯೊಳಗೆ ತಲೆ ತೂರಿಸಿ ನಿಂತಿರುತ್ತಿದ್ದ. ಅದು ನಿಂತಲ್ಲೆಲ್ಲ ಎಣ್ಣೆ ತೊಟ್ಟಿಕ್ಕುತ್ತಿದ್ದುದರಿಂದ ಕೆಳಗೆ ಹಳೆಯ ಕೇಕ್ ತಟ್ಟೆಯೊಂದನ್ನು ಇಡುತ್ತಿದ್ದ. ಆ ತಟ್ಟೆ ಎಲ್ಲಿಂದ ಬಂತೆಂದು ಹೆಂಡತಿ ಗ್ಲೆನಿಸ್ ಕೇಳಿದಾಗಲೆಲ್ಲ ಅವನಿಗೆ ಕಿವಿ ಸ್ವಲ್ಪ ಮಂದವಾಗುತ್ತಿತ್ತು.

ಗ್ಲೆನಿಸ್ ಮನೆಮನೆಗೆ ಹೋಗಿ ವಯಸ್ಸಾದ ಹೆಂಗಸರ ಕೂದಲು ತೊಳೆದು, ಕತ್ತರಿಸಿ, ಸುರುಳಿ ಹಾಕಿ ಬರುವವಳು. ಅವಳ ಓಡಾಟವೆಲ್ಲ ಮನೆಯ ಇನ್ನೊಂದು ಕಾರಿನಲ್ಲಿ. ಬೂದು ಬಣ್ಣ, ಐದು ಸೀಟು, ಹಿಂದೆ ಅಗಲವಾದ ಜಾಗ. ಅದಕ್ಕೆ ಯಾರೂ ಹೆಸರಿಟ್ಟಿರಲಿಲ್ಲ, ಯಾರೂ ಅದರ ಫೋಟೋ ತೆಗೆದಿರಲಿಲ್ಲ. ಕೀಲಿ ತಿರುವಿದರೆ ಹೊರಡುತ್ತಿತ್ತು, ಅಷ್ಟೆ.

ಕ್ಲೈವ್ ನಿವೃತ್ತನಾದ ಮೇಲೆ ಎರಡು ಕಾರು ಸಾಕುವುದು ಕಷ್ಟವಾಯಿತು. ಒಂದು ಭಾನುವಾರ ಬೇಲಿಯ ಈಚೆ ನಾನು ಗುಲಾಬಿ ಕತ್ತರಿಸುತ್ತಿದ್ದಾಗ ಅವರ ಅಂಗಳದಿಂದ ಗ್ಲೆನಿಸಳ ದನಿ ಕೇಳಿಸಿತು.

"ಕ್ಲೈವ್, ಒಂದು ಗಾಡಿ ಹೋಗಬೇಕು. ಯಾವುದು ಅಂತ ನೀನೇ ಹೇಳು."

"ನಾನು ಹೇಳಿದ್ರೆ ನೀನು ಒಪ್ಪಲ್ಲ ಕಣೇ."

"ನಾನು ಹೇಳಿದ್ರೆ ನೀನು ಗ್ಯಾರೇಜಲ್ಲೇ ಹಾಸಿಗೆ ಹಾಕ್ಕೊಳ್ತೀಯ. ಅದಕ್ಕೇ ಒಂದು ಮಾತು. ಇವತ್ತಿಂದ ಒಂದು ವರ್ಷ ಎರಡಕ್ಕೂ ಎಷ್ಟು ಖರ್ಚಾಗತ್ತೆ ನೋಡೋಣ. ಜಾಸ್ತಿ ನುಂಗಿದ್ದು ಮಾರಾಟ. ಅಳೋದು, ಗೋಗರೆಯೋದು ಏನೂ ಇಲ್ಲ."

ಕ್ಲೈವ್ ಅವಳಿಗೆ ಬೆನ್ನು ತಿರುಗಿಸಿದ. ಅವನು ಯೋಚಿಸುತ್ತಿದ್ದಾನೆಂದು ಗ್ಲೆನಿಸ್ ತಿಳಿದಿರಬೇಕು. ಬೇಲಿಯ ಸಂದಿನಿಂದ ಅವನ ಮುಖ ನನಗೆ ಕಾಣುತ್ತಿತ್ತು. ಅವನು ನಗು ತಡೆಯಲು ಒದ್ದಾಡುತ್ತಿದ್ದ.

"ಆಗ್ಲಿ ಬಿಡು," ಎಂದ ಕೊನೆಗೆ, ಬಲಿಗೆ ಕೊರಳು ಕೊಟ್ಟವನ ದನಿಯಲ್ಲಿ.

ಅವನ ನಗುವಿಗೆ ಕಾರಣವಿತ್ತು. ನಲವತ್ತು ವರ್ಷ ದಾಟಿದ ಕಾರಿಗೆ ಇಲ್ಲಿ ರಸ್ತೆ ತೆರಿಗೆ ಇಲ್ಲ. ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಲೇಬೇಕೆಂಬ ಕಟ್ಟುಪಾಡೂ ಇಲ್ಲ. ಹಳೆಯ ಕಾರಿನ ವಿಮೆ ತೀರ ಅಗ್ಗ, ಯಾಕೆಂದರೆ ಅದನ್ನು ಯಾರೂ ಹೆಚ್ಚು ಓಡಿಸುವುದಿಲ್ಲ. ಮೇಲಾಗಿ ಹೊಸ ಕಾರಿನ ಬೆಲೆ ವರ್ಷ ವರ್ಷ ಇಳಿಯುತ್ತದೆ, ಹಳೆಯದರ ಬೆಲೆ ಏರುತ್ತದೆ. ಈ ಸಂಗತಿಗಳು ಊರಿನ 'ಬಾತುಕೋಳಿ' ಎಂಬ ಪಬ್ಬಿನಲ್ಲಿ ಸೇರುವ ಅವನ ಗೆಳೆಯರಿಗೆಲ್ಲ ಬಾಯಿಪಾಠ. ಹಳೆ ಕಾರುಗಳ ಸಂಘದ ಗಂಡಸರು ಮನೆಯಲ್ಲಿ ಹೇಳಲೆಂದೇ ಕಲಿತುಕೊಳ್ಳುವ ಮಂತ್ರಗಳಿವು.

"ಅವಳೇ ಬಲೆ ಹೆಣೆದು ಅವಳೇ ಒಳಗೆ ಕೂತ್ಕೊಂಡ್ಳು ಮಾರಾಯ!" ಎಂದು ಆ ಸಂಜೆ ಸಂಘದ ಕಾರ್ಯದರ್ಶಿ ಮರ್ವಿನ್‌ಗೆ ಕ್ಲೈವ್ ಹೇಳಿದ. ಮರ್ವಿನ್ ಬಿಯರ್ ಗ್ಲಾಸು ಎತ್ತಿದ. "ಗ್ಲೆನಿಸ್ ಅಷ್ಟು ಸುಲಭಕ್ಕೆ ಬೀಳೋಳಲ್ಲ ಕಣೋ. ಹುಷಾರು," ಎಂದ. ಕ್ಲೈವ್ ಕಿವಿಗೆ ಹಾಕಿಕೊಳ್ಳಲಿಲ್ಲ.

ಆ ವರ್ಷ ಕ್ಲೈವ್ ಹಸಿರು ಕಾರನ್ನು ಕೂಸಿನಂತೆ ನೋಡಿಕೊಂಡ. ಹಾಗೆಂದು ಖರ್ಚು ಇರಲಿಲ್ಲವೆಂದಲ್ಲ. ಅದನ್ನು ಬೇರೆ ದಾರಿಯಲ್ಲಿ ಹರಿಸಿದ. ಬಿಡಿಭಾಗ ತರಲು ಅರವತ್ತು ಮೈಲಿ ಆಚೆಯ ಸಂತೆಗೆ ಹೋಗಬೇಕಾದರೆ ಬೂದು ಕಾರಿನಲ್ಲಿ ಹೋದ. ಪೆಟ್ರೋಲು ಬೂದು ಕಾರಿನ ಲೆಕ್ಕಕ್ಕೆ ಬಿತ್ತು. ಬೇಸಿಗೆಯ ಮೇಳದ ದಿನ ಹಸಿರು ಕಾರು ಬೆಟ್ಟದ ಬುಡದಲ್ಲಿ ಮುಷ್ಕರ ಹೂಡಿ ನಿಂತಾಗ ಮರ್ವಿನ್ ಕೈಗೆ ಬೂದು ಕಾರು ಕೊಟ್ಟು, ಅದಕ್ಕೆ ಹಗ್ಗ ಕಟ್ಟಿ ಎಳೆಸಿಕೊಂಡು ಬಂದ. ಆ ಬೇಸಿಗೆಯಲ್ಲಿ ಒಂದು ಸಲವಲ್ಲ, ಮೂರು ಸಲ. ಶರತ್ಕಾಲ ಬರುವಷ್ಟರಲ್ಲಿ ಬೂದು ಕಾರಿನ ಕ್ಲಚ್ ಸುಟ್ಟುಹೋಯಿತು.

"ಅದ್ಯಾಕೆ ಹಾಗಾಯ್ತು?" ಎಂದಳು ಗ್ಲೆನಿಸ್.

"ಈಗಿನ ಗಾಡಿಗಳಲ್ಲಿ ಗಟ್ಟಿತನ ಎಲ್ಲಿದೆ ಚಿನ್ನ!" ಎಂದ ಕ್ಲೈವ್, ನಿಟ್ಟುಸಿರು ಬಿಟ್ಟು.

ವರ್ಷ ತುಂಬಿದ ಭಾನುವಾರ ಬೆಳಗ್ಗೆ, ಕಡ ಕೊಂಡಿದ್ದ ಏಣಿಯನ್ನು ಹಿಂತಿರುಗಿಸಲು ನಾನು ಅವರ ಮನೆಗೆ ಹೋಗಿದ್ದೆ. ಅಡುಗೆಮನೆಯಲ್ಲಿ ಮೊಟ್ಟೆ, ಬೇಕನ್, ಬೀನ್ಸ್ ಬೆಂದ ವಾಸನೆ. ನನ್ನನ್ನೂ ಕೂರಿಸಿ ಚಹಾ ಕೊಟ್ಟರು. ಕ್ಲೈವ್‌ಗೆ ಸಾಕ್ಷಿ ಬೇಕಿತ್ತೆಂದು ಕಾಣುತ್ತದೆ. ಅವನು ಕಾರ್ಪೆಟ್ ಬಿಡಿಸುವಂತೆ ಎರಡು ಕೈ ಹರಡಿ ಲೆಕ್ಕ ಬಿಡಿಸಿದ. ತೆರಿಗೆ, ತಪಾಸಣೆ, ವಿಮೆ, ಟೈರು, ಪೆಟ್ರೋಲು, ಕ್ಲಚ್, ಬೆಲೆಯಲ್ಲಿ ಇಳಿದದ್ದು ಎಲ್ಲ ಸೇರಿ ಬೂದು ಕಾರು ಐದು ಸಾವಿರ ಪೌಂಡು ನುಂಗಿತ್ತು. ಹಸಿರು ಕಾರು ಆರು ನೂರು. ಅದರ ಬೆಲೆ ಏರಿದ್ದನ್ನು ಕಳೆದರೆ ನೂರಕ್ಕೆ ಬಂದು ನಿಂತಿತು.

"ದಿನಕ್ಕೆ ಇಪ್ಪತ್ತೇಳು ಪೆನ್ನಿ ಕಣೇ," ಎಂದ, ಕಣ್ಣು ಮಿನುಗಿಸುತ್ತ.

ಬೂದು ಕಾರು ಹನ್ನೊಂದು ಸಾವಿರ ಮೈಲಿ ಓಡಿತ್ತು, ಹಸಿರು ಕಾರು ಇನ್ನೂರೂ ಓಡಿರಲಿಲ್ಲ. ಮೈಲಿಗೆ ಎಷ್ಟು ಬಿತ್ತೆಂದು ಗ್ಲೆನಿಸ್ ಕೇಳಬಹುದಿತ್ತು. ಕೇಳುತ್ತಾಳೆಂದು ಕ್ಲೈವ್ ಉತ್ತರವನ್ನೂ ಸಿದ್ಧ ಮಾಡಿಕೊಂಡಿದ್ದ. ಅವಳು ಟೋಸ್ಟಿಗೆ ಬೆಣ್ಣೆ ಸವರಿ ಮುಗಿಸಿದಳು.

"ಸರಿ. ಬೂದು ಗಾಡಿ ಮಾರೋಣ," ಎಂದಳು.

"ಅಂದ್ರೆ... ನಿಜವಾಗ್ಲೂ?"

"ಮಾತು ಅಂದ್ರೆ ಮಾತು."

ಗುರುವಾರದ ಹೊತ್ತಿಗೆ ಮೂರು ಮಕ್ಕಳಿದ್ದ ಕೊಳಾಯಿ ರಿಪೇರಿಯವನೊಬ್ಬ ಬೂದು ಕಾರನ್ನು ಕೊಂಡು ಹೋದ. ಆ ರಾತ್ರಿ ಬಾತುಕೋಳಿ ಪಬ್ಬಿನಲ್ಲಿ ಎಲ್ಲರ ಬಿಯರಿನ ದುಡ್ಡು ಕ್ಲೈವ್‌ನೇ ಕೊಟ್ಟನಂತೆ.

ಸೋಮವಾರ ಬೆಳಗ್ಗೆ ಜಿಟಿಜಿಟಿ ಮಳೆ. ಗ್ಲೆನಿಸ್ ಕೂದಲು ಒಣಗಿಸುವ ಯಂತ್ರ, ಸುರುಳಿಗಳ ಡಬ್ಬ, ಮಡಿಸಿದ ಟವೆಲ್ಲುಗಳನ್ನು ಹಸಿರು ಕಾರಿನ ಪಕ್ಕದ ಸೀಟಿನಲ್ಲಿ ಜೋಡಿಸಿಟ್ಟು ಕೈ ಚಾಚಿದಳು.

"ಕೀಲಿ."

ಕ್ಲೈವ್ ರಾತ್ರಿಯುಡುಪಿನಲ್ಲೇ ಬಾಗಿಲಿಗೆ ಓಡಿ ಬಂದ. "ಎಲ್ಲಿಗೆ?"

"ಕೆಲಸಕ್ಕೆ. ಮಿಸೆಸ್ ಪೋಲಾರ್ಡ್ ಕಾಯ್ತಿರ್ತಾರೆ."

"ಮಳೆ ಬರ್ತಿದೆ ಗ್ಲೆನ್!"

"ಮಾಡು ಇದೆಯಲ್ಲ?"

"ಇದೆ, ಆದ್ರೆ ಅದು ಮಳೆಗಲ್ಲ!"

"ಮತ್ತೆ ಯಾತಕ್ಕೆ, ಹಕ್ಕಿ ಹಿಕ್ಕೆಗಾ?"

ಕ್ಲೈವ್ ತನ್ನ ಕೊನೆಯ ಅಸ್ತ್ರ ತೆಗೆದ. "ವಿಮೆ ಕೆಲಸಕ್ಕೆ ನಡೆಯಲ್ಲ. ಅದು ಬರೀ ಖುಷಿಗೆ ಓಡಿಸೋ ವಿಮೆ. ಕಾನೂನು ಕಾನೂನೇ."

"ಗೊತ್ತು. ಅದಕ್ಕೇ ಶುಕ್ರವಾರ ವಿಮೆ ಕಂಪನಿಗೆ ಫೋನ್ ಮಾಡಿದ್ದೆ," ಎಂದಳು ಗ್ಲೆನಿಸ್. "ಆ ಹುಡುಗಿ ತುಂಬ ಒಳ್ಳೆಯವಳು. 'ಮನೇಲಿ ದಿನಬಳಕೆಗೆ ಬೇರೆ ಕಾರಿದೆಯಾ ಮೇಡಂ?' ಅಂದ್ಳು. ಇಲ್ಲ, ಮಾರಿಬಿಟ್ವಿ ಅಂದೆ. 'ಹಾಗಿದ್ರೆ ಅಗ್ಗದ ವಿಮೆ ಸಿಗಲ್ಲ. ಅದು ಬೇರೆ ಕಾರು ಇಟ್ಕೊಂಡಿರೋರಿಗೆ ಮಾತ್ರ' ಅಂದ್ಳು. ನಿನಗಿದು ಗೊತ್ತಿರಲಿಲ್ವೇನೋ, ಇಷ್ಟು ವರ್ಷದಿಂದ ಸಹಿ ಹಾಕ್ತಿದೀಯ?"

ಕ್ಲೈವ್‌ಗೆ ಗೊತ್ತಿರಲಿಲ್ಲ. ಆ ಸಂಘದಲ್ಲಿ ಯಾರಿಗೂ ಗೊತ್ತಿದ್ದಿರಲಾರದು, ಯಾಕೆಂದರೆ ಮನೆಯ ಕಾರು ಮಾರಿ ಹಳೆಯದನ್ನು ಉಳಿಸಿಕೊಂಡ ಗಂಡಸು ಅವರಲ್ಲಿ ಅದುವರೆಗೆ ಹುಟ್ಟಿರಲಿಲ್ಲ. ಹಸಿರು ಕಾರಿನ ಅಗ್ಗವೆಲ್ಲ ಇಷ್ಟು ವರ್ಷ ಬೂದು ಕಾರಿನ ಹೆಗಲ ಮೇಲೆ ಕೂತಿತ್ತು.

"ಈಗ ಎಷ್ಟು?" ಎಂದು ತೊದಲಿದ.

"ಸಾವಿರದ ನೂರು. ಕೆಲಸಕ್ಕೂ ಸೇರಿಸಿ. ದಿನಾ ಓಡಿಸೋರು ಯಾರು ಅಂತ ಕೇಳಿದ್ಳು, ನನ್ನ ಹೆಸರು ಕೊಟ್ಟೆ. ನಿನ್ನದೂ ಸೇರಿಸಿದ್ರೆ ಇನ್ನೂ ಮುನ್ನೂರು ಆಗತ್ತೆ ಅಂದ್ಳು. ಯಾಕೆ ಸುಮ್ನೆ ದುಡ್ಡು ಹಾಳು ಮಾಡೋದು ಅಂತ ಬಿಟ್ಟೆ. ನಿಂಗೆ ಬಸ್ ಪಾಸ್ ಇದೆಯಲ್ಲ. ಈ ಮನೇಲಿ ಎಲ್ಲದಕ್ಕಿಂತ ಅಗ್ಗದ ಗಾಡಿ ಅದೇ."

ಹಸಿರು ಕಾರು ಎರಡು ಸಲ ಕೆಮ್ಮಿ, ಹೊಗೆಯುಗುಳಿ, ಬೀದಿಯ ತಿರುವಿನಲ್ಲಿ ಮರೆಯಾಯಿತು. ಕ್ಲೈವ್ ಮಳೆಯಲ್ಲಿ ನಿಂತು ಅದು ಕೆಟ್ಟು ನಿಲ್ಲುವ ಸದ್ದಿಗಾಗಿ ಕಾದ. ಆ ಸದ್ದು ಬರಲೇ ಇಲ್ಲ.

ಅವನನ್ನು ನಿಜವಾಗಿ ನೋಯಿಸಿದ್ದು ಅದೇ. ಹಳೆಯ ಕಾರುಗಳು ನಿಂತರೆ ಕೆಡುತ್ತವೆ, ಓಡಿದರೆ ಗುಣವಾಗುತ್ತವೆ. ದಿನಾ ನಾಲ್ಕೈದು ಮನೆ ಸುತ್ತಿದ ಮೇಲೆ ಅದರ ಕೆಮ್ಮು ನಿಂತಿತು. ಎಣ್ಣೆ ತೊಟ್ಟಿಕ್ಕುವುದು ಅರ್ಧಕ್ಕರ್ಧ ಕಡಿಮೆಯಾಯಿತು. ಬೇಲಿಯ ಬಳಿ ಬಂದು ಅವನು ನನ್ನ ಮುಂದೆ ಗೋಳು ಹೇಳಿಕೊಂಡ. "ನನ್ನ ಜೊತೆ ಇಷ್ಟು ವರ್ಷ ಇತ್ತು, ಒಂದು ಸಲ ಹೀಗೆ ನಡ್ಕೊಂಡಿಲ್ಲ. ಅವಳು ಅದಕ್ಕೆ ಏನು ಮಾಡ್ತಾಳೆ ಅಂತೀನಿ?"

"ಓಡಿಸ್ತಾರೆ," ಎಂದೆ. ಅವನು ಮುಖ ತಿರುಗಿಸಿ ಒಳಗೆ ಹೋದ.

ಬೆಳಗ್ಗೆ ಅವನನ್ನು ಬಸ್ ನಿಲ್ದಾಣದಲ್ಲಿ ನೋಡಬಹುದಿತ್ತು. ಹಿರಿಯರ ಉಚಿತ ಪಾಸು ಒಂಬತ್ತೂವರೆಗೆ ಮುಂಚೆ ನಡೆಯುವುದಿಲ್ಲ. ಸ್ವಲ್ಪ ಮುಂಚೆ ಬಂದ ಬಸ್ಸಿನ ಚಾಲಕಿ ಕೈಗಡಿಯಾರ ತೋರಿಸಿ, "ಇನ್ನೂ ಹೊತ್ತಾಗಿಲ್ಲ ತಾತ, ಹತ್ತಬೇಕಾದ್ರೆ ದುಡ್ಡು ಕೊಡಿ," ಎನ್ನುತ್ತಿದ್ದಳು. ಕ್ಲೈವ್ ದುಡ್ಡು ಕೊಡುವ ಜಾತಿಯಲ್ಲ, ಮುಂದಿನ ಬಸ್ಸಿಗೆ ನಿಲ್ಲುತ್ತಿದ್ದ. ಹಾಗೆ ನಿಂತಿರುವಾಗಲೇ ಎದುರಿಗೆ ಹಸಿರು ಕಾರು ಹಾದುಹೋಗುತ್ತಿತ್ತು. ಬಿಸಿಲಿದ್ದ ದಿನ ಮಾಡು ಮಡಚಿರುತ್ತಿತ್ತು. ಹೊಸ ಸುರುಳಿಗಳ ಮೇಲೆ ರೇಷ್ಮೆ ರುಮಾಲು ಕಟ್ಟಿಕೊಂಡ ಯಾವಳೋ ಅಜ್ಜಿ ಪಕ್ಕದಲ್ಲಿ ಕೂತು ರಾಣಿಯಂತೆ ಕೈ ಬೀಸುತ್ತಿದ್ದಳು. ಕೂದಲು ಮಾಡಿಸಿಕೊಂಡವರಿಗೆ ಗ್ಲೆನಿಸ್ ಊರಿಗೊಂದು ಸುತ್ತು ಹಾಕಿಸುತ್ತಿದ್ದಳು. ಹೀಗೆಂದು ಸುದ್ದಿ ಹಬ್ಬಿ, ಆರು ವಾರಕ್ಕೊಮ್ಮೆ ಕರೆಸುತ್ತಿದ್ದವರು ವಾರವಾರವೂ ಕರೆಸತೊಡಗಿದರು. ಎಂಬತ್ತಾರರ ಮಿಸೆಸ್ ಪೋಲಾರ್ಡ್ ಅಂತೂ ವಾರಕ್ಕೆರಡು ಸಲ. ಅವರ ತಲೆಯಲ್ಲಿ ಅಷ್ಟು ಕೂದಲೇ ಇರಲಿಲ್ಲ.

ಕ್ಲೈವ್‌ಗೆ ಕೊನೆಗೆ ದಾರಿ ಹೊಳೆಯಿತು. ಗ್ಲೆನಿಸಳಿಗೆ ಬೇರೆ ಕಾರು ಕೊಡಿಸಿದರೆ ಹಸಿರು ಕಾರು ಬಿಡುಗಡೆಯಾಗುತ್ತದೆ, ಅಗ್ಗದ ವಿಮೆಯೂ ಮರಳುತ್ತದೆ. ನಿವೃತ್ತಿಯ ದುಡ್ಡಿನಲ್ಲಿ ಕೈಯಿಟ್ಟು, ಮಾರಿದ ಬೆಲೆಗಿಂತ ಸಾವಿರ ಹೆಚ್ಚು ತೆತ್ತು, ಬೇರೊಂದು ಬೂದು ಕಾರು ತಂದ. ಅದಕ್ಕೆ ಕೆಂಪು ರಿಬ್ಬನ್ನು ಕಟ್ಟಿ ಅಂಗಳದಲ್ಲಿ ನಿಲ್ಲಿಸಿದ.

"ನಿಂಗೇ ತಂದೆ ಗ್ಲೆನ್. ಐದು ಸೀಟು! ಬಿಸಿಗಾಳಿ ಬರತ್ತೆ! ಹಿಂದೆ ಎಷ್ಟು ಜಾಗ ನೋಡು!"

ಗ್ಲೆನಿಸ್ ಸುತ್ತ ಒಂದು ಪ್ರದಕ್ಷಿಣೆ ಬಂದು ಬಾಗಿಲು ತೆರೆದು ನೋಡಿದಳು. ಅವನ ಕೆನ್ನೆಗೆ ಮುತ್ತು ಕೊಟ್ಟಳು.

"ಚೆನ್ನಾಗಿದೆ. ನಿಂಗೂ ಬಸ್ಸಿಗೆ ನಿಂತು ನಿಂತು ಸಾಕಾಗಿತ್ತು ಪಾಪ. ನೀನೇ ಓಡಿಸು."

"ಅಲ್ಲ ಕಣೇ, ಇದು ನಿನಗೆ! ನಾನು ಹಸಿರು..."

"ಹಸಿರು ಗಾಡಿ ದುಡಿಯೋ ಗಾಡಿ ಕ್ಲೈವ್. ಅದನ್ನ ನಿಲ್ಲಿಸಿದ್ರೆ ನನಗೆ ಗಿರಾಕಿ ಎಲ್ಲಿ? ಈ ಬೂದು ಗಾಡೀಲಿ ಸುತ್ತು ಹಾಕಿಸ್ತೀನಿ ಅಂದ್ರೆ ಮಿಸೆಸ್ ಪೋಲಾರ್ಡ್ ಬಾಗಿಲೇ ತೆಗೆಯಲ್ಲ. ಬೇಕಾದ್ರೆ ಲೆಕ್ಕ ಹಾಕಿ ತೋರಿಸು, ಸೋತ್ರೆ ಬಿಟ್ಟುಕೊಡ್ತೀನಿ."

ಲೆಕ್ಕವೆಂದರೆ ಸಾಕು ಹಾರುತ್ತಿದ್ದ ಕ್ಲೈವ್ ಆ ದಿನ ಕೆಂಪು ರಿಬ್ಬನ್ನನ್ನು ಬಿಚ್ಚಿ ಸುತ್ತಿಡತೊಡಗಿದ.

ಮೇ ತಿಂಗಳ ಮೊದಲ ಭಾನುವಾರ ಬಾತುಕೋಳಿ ಪಬ್ಬಿನ ಮುಂದೆ ಹಳೆಯ ಕಾರುಗಳ ಕೂಟ. ನಲವತ್ತು ದಾಟಿದವಕ್ಕೆ ಮಾತ್ರ ಮುಂದಿನ ಹುಲ್ಲುಹಾಸಿನ ಮೇಲೆ ಜಾಗ. ಉಳಿದವು ಹಿಂದಿನ ಹೊಲಕ್ಕೆ. ಗೇಟಿನಲ್ಲಿ ಕಿತ್ತಳೆ ಬಣ್ಣದ ಅಂಗಿ ತೊಟ್ಟು ಮರ್ವಿನ್ ನಿಂತಿದ್ದ. ನಾನು ಕ್ಲೈವ್‌ನ ಪಕ್ಕದಲ್ಲಿ, ಬೂದು ಕಾರಿನಲ್ಲಿದ್ದೆ. ನಮ್ಮ ಮುಂದೆ ಹಸಿರು ಕಾರು, ಅದರಲ್ಲಿ ಗ್ಲೆನಿಸ್ ಮತ್ತು ಮಿಸೆಸ್ ಪೋಲಾರ್ಡ್. ಮರ್ವಿನ್ ಟೋಪಿ ತೆಗೆದು ಅವರನ್ನು ಒಳಗೆ ಬಿಟ್ಟ. ನಮ್ಮತ್ತ ತಿರುಗಿ ಕಣ್ಣೆತ್ತಿಯೂ ನೋಡದೆ ಕೈ ತೋರಿಸಿದ.

"ಮನೆ ಗಾಡಿಗಳೆಲ್ಲ ಹಿಂದಕ್ಕೆ ಸಾರ್, ಕುರಿ ಹಿಕ್ಕೆ ನೋಡ್ಕೊಂಡು... ಅಯ್ಯೋ, ನೀನೇನೋ ಕ್ಲೈವ್!"

"ಬಾಯಿ ಮುಚ್ಚು ಮರ್ವಿನ್," ಎಂದು ಕ್ಲೈವ್ ಹೊಲಕ್ಕೆ ನಡೆಸಿದ.

ಮಧ್ಯಾಹ್ನವಿಡೀ ಅವನು ಹಸಿರು ಕಾರಿನ ಸುತ್ತ ಸುಳಿದಾಡಿದ. ನೋಡಲು ಬಂದವರೆಲ್ಲ ಎಂಜಿನ್ನಿನ ಬಗ್ಗೆ ಗ್ಲೆನಿಸಳನ್ನೇ ಕೇಳುತ್ತಿದ್ದರು, ಅವಳೂ ಮುಂಗುರುಳು ಸರಿಸಿಕೊಂಡು ಉತ್ತರಿಸುತ್ತಿದ್ದಳು. ಅವನು ಕರವಸ್ತ್ರ ತೆಗೆದು ಕಾರಿನ ದೀಪದ ಗಾಜು ಒರೆಸತೊಡಗಿದ. ಹೊರಡುವ ಹೊತ್ತಿಗೆ ಗ್ಲೆನಿಸ್ ಅದನ್ನು ನೋಡಿದಳು. ಕೀಲಿಯನ್ನು ಅವನತ್ತ ಎಸೆದಳು.

"ಮಿಸೆಸ್ ಪೋಲಾರ್ಡ್‌ಗೆ ಗಾಳಿ ಸಾಕಾಗಿದೆಯಂತೆ. ನಾವು ಬೂದು ಗಾಡೀಲಿ ಬೆಚ್ಚಗೆ ಹೋಗ್ತೀವಿ. ನೀನು ಇದನ್ನ ತಗೊಂಡು ಬಾ. ಗಾಬರಿಯಾಗ್ಬೇಡ, ಇನ್ನೊಂದು ಕಾರು ಬಂದ್ಮೇಲೆ ವಿಮೆ ಸ್ವಲ್ಪ ಇಳಿದಿದೆಯಲ್ಲ, ನಿನ್ನ ಹೆಸರೂ ಬರೆಸಿದೀನಿ. ಎರಡನೇ ಸಾಲಲ್ಲಿ."

ಕ್ಲೈವ್ ಕೀಲಿಯನ್ನು ಎರಡು ಕೈಯಲ್ಲೂ ಹಿಡಿದ. ಬಾಗಿಲು ತೆರೆದು ಕಾಲು ಒಳಗಿಟ್ಟವನು ಅರ್ಧಕ್ಕೇ ಸಿಕ್ಕಿಕೊಂಡ. ಗ್ಲೆನಿಸಳ ಗಿಡ್ಡ ಕಾಲಿಗೆ ತಕ್ಕಂತೆ ಸೀಟನ್ನು ಪೂರ್ತಿ ಮುಂದಕ್ಕೆ ಎಳೆಯಲಾಗಿತ್ತು. ಸೀಟು ಸರಿಸುವ ಕೆಳಗಿನ ಹಿಡಿಗೆ ಅವನು ಕೈ ಹಾಕಿದ.

"ಸೀಟು ಮುಟ್ಬೇಡ!" ಎಂದು ಹೊಲದ ಕಡೆಯಿಂದ ಕೂಗು ಬಂತು. "ನಂಗೆ ಸರಿಯಾಗಿ ಕೂತಿದೆ!"

ಅವನು ಕೈ ಹಿಂತೆಗೆದ. ಮಂಡಿಗಳನ್ನು ಸ್ಟೀರಿಂಗ್ ಚಕ್ರದ ಎರಡು ಬದಿಗೂ ಎತ್ತಿ, ಗಲ್ಲವನ್ನು ಅವುಗಳ ನಡುವೆ ತೂರಿಸಿ, ಮಾಡು ತೆರೆದೇ ಇಟ್ಟು, ಮಾರ್ಲೆಟ್ ಸುತ್ತಿ ಬರುವ ಉದ್ದನೆಯ ದಾರಿ ಹಿಡಿದು ಹೊರಟ. ಹತ್ತಿರದ ದಾರಿಯಲ್ಲಿ ಬಂದಿದ್ದರೆ ಐದು ನಿಮಿಷಕ್ಕೆ ಮನೆ ಸೇರುತ್ತಿದ್ದ.