ಕುಂಕುಮ ಉಳಿಸುವ ಗಾಜು

ನಿಜಾಮನ ಆಳ್ವಿಕೆ ಮುಗಿದ ಹೊಸತು. ಲಿಂಗಸುಗೂರಿನ ನಮ್ಮ ಓಣಿಯ ಫೋಟೋದವರದು ಒಂದೇ ಮಾತು: "ಮೊದ್ಲು ಹಣಿ ನೋಡ್ರಿ, ಆಮ್ಯಾಲ ಮೋಡ."

ಕಪ್ಪು-ಬಿಳುಪು ಫೋಟೋದಲ್ಲಿ ಮೋಡ ಎದ್ದು ಕಾಣಲೆಂದು ಕ್ಯಾಮೆರಾದ ಮುಂದೆ ಹಾಕುವ ಬಣ್ಣದ ಗಾಜು, ಫಿಲ್ಟರ್, ಕೊಳ್ಳಲು ಅವರು ಹೈದರಾಬಾದಿಗೆ ಹೋದಾಗ ನಾನೂ ಜೊತೆಗಿದ್ದೆ. ಅಂಗಡಿಯವನು ಬಣ್ಣಬಣ್ಣದ ಗಾಜುಗಳನ್ನು ಮುಂದಿಟ್ಟ. ಇವರು ಕಿಸೆಯಿಂದ ಕುಂಕುಮದ ಪೊಟ್ಟಣ ತೆಗೆದು, ಬಿಳಿ ಕಾಗದದ ಮೇಲೊಂದು ಬೊಟ್ಟಿಟ್ಟು, ಒಂದೊಂದೇ ಗಾಜಿನೊಳಗಿಂದ ನೋಡಿದರು. ಕೆಂಪು ಗಾಜಿನಲ್ಲಿ ಬೊಟ್ಟು ಮಾಯವಾಯಿತು, ಹಳದಿಯಲ್ಲಿ ಉಳಿಯಿತು.

"ನಮಗ ಇದ ಬರಾಬರಿ," ಎಂದು ಹಳದಿಯನ್ನೇ ಎತ್ತಿಕೊಂಡರು.

ಈ ಪರೀಕ್ಷೆ ಕಲಿಸಿದ್ದು ಅವರ ಮೊದಲ ಫಿಲ್ಟರ್. ಅದು ಕೆಂಪು. ಅದನ್ನು ಹಾಕಿ ಮಸ್ಕಿ ಗುಡ್ಡದ ಮೇಲೆ ಹೆಂಡತಿಯ ಫೋಟೋ ತೆಗೆದಿದ್ದರು. ಕಪ್ಪಾದ ಆಕಾಶದಲ್ಲಿ ಮೋಡಗಳು ಹಿಂಜಿದ ಅರಳೆಯ ಹಾಗೆ ಎದ್ದು ಬಂದಿದ್ದವು. ಹಣೆ ಮಾತ್ರ ಬರಿದು. ಅವರ ತಾಯಿ ಅದನ್ನು ನೋಡಿ ಕಣ್ಣೀರು ಹಾಕಿದರಂತೆ: "ನೀ ಜೀವಂತ ಇರುವಾಗ್ಲೇ ಸೊಸಿ ಹಣಿ ಬೋಳು ಮಾಡಿದ್ಯಲ್ಲೋ!"

ಆದರೂ ಆ ಮೋಡಗಳನ್ನು ಬಿಟ್ಟುಕೊಡಲು ಅವರಿಗೆ ಮನಸ್ಸಾಗಲಿಲ್ಲ. ಆ ಫೋಟೋ ಅವರ ಸ್ಟುಡಿಯೋದ ಗೋಡೆಯ ಮೇಲೆಯೇ ಉಳಿಯಿತು. ದಿನಾ ಬೆಳಿಗ್ಗೆ ಅವರ ಹೆಂಡತಿ ತಮ್ಮ ಹಣೆಗೆ ಕುಂಕುಮ ಇಟ್ಟುಕೊಂಡು, ಅದೇ ಬೆರಳಿನಿಂದ ಫೋಟೋದ ಗಾಜಿನ ಮೇಲೆ ಹಣೆಯ ಜಾಗಕ್ಕೂ ಒಂದು ಬೊಟ್ಟಿಡುತ್ತಿದ್ದರು. ಆಮೇಲೆ ಗಂಡನ ಕಡೆ ತಿರುಗಿ ಹೇಳುತ್ತಿದ್ದರು:

"ಹ್ಞಾಂ, ಈಗ ನೋಡ್ರಿ ನಿಮ್ಮ ಮೋಡ."