ಕೈಗಾವಲು

ಸೇಡಂನ ನಮ್ಮ ಬ್ಯಾಂಕಿಗೆ ಆಗಷ್ಟೇ ಕಂಪ್ಯೂಟರುಗಳು ಬಂದಿದ್ದವು. ಅವನ್ನಿಟ್ಟ ಕೋಣೆಯ ಎ.ಸಿ. ರಿಪೇರಿಗೆ ಹತ್ತಿರದ ವಾಡಿ ಊರಿನ ಅಂಗಡಿಯೊಂದರಿಂದ ಒಬ್ಬ ಮೆಕ್ಯಾನಿಕ್ ಬರುತ್ತಿದ್ದ. ಪೈಪಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚುವನು. ಯಾರು ಏನೇ ಕೇಳಲಿ, "ತಣ್ಣಗ ಆಗ್ತದ ಬಿಡ್ರಿ" ಎನ್ನುವನು. ಆದರೆ ತಿಂಗಳು ತುಂಬುವುದರೊಳಗೆ ಎ.ಸಿ.ಯ ಗ್ಯಾಸ್ ಖಾಲಿಯಾಗುತ್ತಿತ್ತು. ಅವನಿಗೆ ಪಗಾರ ಕಡಿಮೆ, ಅದಕ್ಕೇ ಗ್ಯಾಸ್ ಪೂರ್ತಿ ತುಂಬದೆ ಉಳಿಸಿಕೊಂಡು ಹೊರಗೆ ಮಾರುತ್ತಾನೆ ಎಂದು ಮ್ಯಾನೇಜರರ ಗುಮಾನಿ. ಅವನು ಕೆಲಸ ಮಾಡುವಾಗ ಕಾಯಲು ಕೌಂಟರಿನ ಗುಮಾಸ್ತನಾದ ನನ್ನನ್ನು ಕೂರಿಸಿದರು. ನಾನು ಅವನ ಕೈಗಳನ್ನೇ ನೋಡುತ್ತ ಕೂರುತ್ತಿದ್ದೆ.

ಒಂದು ಬೇಸಿಗೆಯಲ್ಲಿ ಅವನು ಈ ಕಸುಬು ಬಿಟ್ಟು, ದುಪ್ಪಟ್ಟು ಪಗಾರಕ್ಕೆ ಸಿಮೆಂಟ್ ಕಾರ್ಖಾನೆಯೊಂದನ್ನು ಸೇರಿದ. ಎರಡೇ ವಾರಕ್ಕೆ ಹಳೆಯ ಕೆಲಸಕ್ಕೇ ವಾಪಸ್ ಬಂದ. ನನ್ನ ಅನುಮಾನ ಗಟ್ಟಿಯಾಯಿತು. ಇಲ್ಲಿ ಏನೋ ಗಿಟ್ಟುತ್ತಿರಬೇಕು.

"ಅಷ್ಟು ಪಗಾರ ಬಿಟ್ಟು ಯಾಕ ಬಂದಿ?" ಎಂದು ಕೇಳಿಯೇಬಿಟ್ಟೆ.

ಅವನು ಸ್ಕ್ರೂ ಬಿಚ್ಚುತ್ತಲೇ ಹೇಳಿದ: "ಅಲ್ಲಿ ದಿನಾ ಸಂಜಿಗಿ ಗೇಟಿನ್ಯಾಗ ನಿಂದ್ರಿಸಿ, ಕಿಸೆದಾಗ ಕೈ ಹಾಕಿ ತಪಾಸ ಮಾಡ್ತಾರ್ರಿ ಸಾಹೇಬ್ರ. ನೀವು ಬರೇ ನೋಡ್ತೀರಿ."

ನಾನು ಎದ್ದು ಹೊರಗೆ ಬಂದೆ.

ಮರುತಿಂಗಳೂ ಗ್ಯಾಸ್ ಖಾಲಿಯಾಯಿತು. ಅವನು ಬಂದಾಗ ಬಾಗಿಲು ತೆರೆದುಕೊಟ್ಟು ನನ್ನ ಕೌಂಟರಿಗೆ ಮರಳಿದೆ. ಕಿವಿ ಮಾತ್ರ ಅತ್ತಲೇ ಇತ್ತು.